ಹಾರ್ಡ್‌ವಿಕ್‌ನ ಬೆಸ್ ಬರೆದ, ಬರೆಸಿದ, ಕಾಪಿಟ್ಟ ಕಾಗದಗಳು

1552ರ ನವೆಂಬರ್ 14ರಂದು ಲಂಡನ್ನಿನಲ್ಲಿದ್ದ ಒಬ್ಬ ಯಜಮಾನಿ, ಡರ್ಬಿಶೈರಿನ ಚಾಟ್ಸ್‌ವರ್ತ್‌ನಲ್ಲಿ ತನ್ನ ಮನೆ ನೋಡಿಕೊಳ್ಳುತ್ತಿದ್ದ ಫ್ರಾನ್ಸಿಸ್ ವಿಟ್‌ಫೀಲ್ಡ್ ಎಂಬ ಪಾರುಪತ್ಯಗಾರನಿಗೆ ಒಂದು ಕಾಗದ ಬರೆದಳು. ತಾನು ಮಲಗುವ ಕೋಣೆಯ ನೆಲಕ್ಕೆ ಗಾರೆಯನ್ನೋ ಜೇಡಿಮಣ್ಣನ್ನೋ ಸುಣ್ಣವನ್ನೋ ಹಾಕಿಸಿ ಮಟ್ಟ ಮಾಡಿಸಬೇಕು, ಒಡೆದ ಕಿಟಕಿಗಾಜುಗಳನ್ನು ಸರಿಪಡಿಸಬೇಕು, ಕೋಣೆಗಳಿಗೆ ಗಾಳಿ ನುಗ್ಗದಂತೆ ಆದಷ್ಟು ಬೆಚ್ಚಗಿರಿಸಬೇಕು, ತನಗೂ ಯಜಮಾನರಿಗೂ ಬೇಕಾದಷ್ಟು ಬಿಯರನ್ನು ಕೂಡಲೇ ತಯಾರಿಸಿಡಬೇಕು ಎಂಬುದು ಅದರ ಒಕ್ಕಣೆ. ಒಳ್ಳೆಯ ಬಿಯರಿಗಾಗಲಿ ಇದ್ದಿಲಿಗಾಗಲಿ ಸೌದೆಗಾಗಲಿ ಕೊರತೆಯಾದರೆ ಬೇರೆ ಯಾರನ್ನೂ ನಿನ್ನಷ್ಟು ದೂರುವುದಿಲ್ಲ ಎಂಬ ತಾಕೀತೂ ಅದರಲ್ಲಿದೆ. ಇವೆಲ್ಲದರ ನಡುವೆ ಆಕೆಯ ಒಡಹುಟ್ಟಿದ ಜೇನ್‌ಳ ಮಾತು ಬರುತ್ತದೆ. ಆ ಮನೆಯಲ್ಲಿ ಜೇನ್‌ಗೆ ಬೇಕಾದ ವಸ್ತುಗಳು ಸಿಗುತ್ತಿಲ್ಲವೆಂದು ಕೇಳಿದ್ದೇನೆ, ಅದು ನಿಜವಾದರೆ ನಿನಗೆ ವಿವೇಕವೂ ಇಲ್ಲ, ಪ್ರಾಮಾಣಿಕತೆಯೂ ಇಲ್ಲ, ನನ್ನ ಮನೆಯಲ್ಲಿ ಅಪರಿಚಿತರನ್ನು ಸಹ ಹೀಗೆ ನಡೆಸಿಕೊಳ್ಳುವುದನ್ನು ನಾನು ಸಹಿಸೆನು ಎಂದು ಆಕೆ ಆತನನ್ನು ಗದರಿಸುತ್ತಾಳೆ.

ಈ ಯಜಮಾನಿ ಆಗ ಎಲಿಜಬೆತ್ ಕ್ಯಾವೆಂಡಿಷ್. ಮುಂದೆ ಶ್ರೂಸ್‌ಬರಿಯ ಕೌಂಟೆಸ್ (ಅರ್ಲ್ ಎಂಬ ಉನ್ನತ ಬಿರುದಿನ ಶ್ರೀಮಂತನ ಪತ್ನಿ) ಆಗಿ, ರಾಣಿ ಒಂದನೇ ಎಲಿಜಬೆತ್‌ಳ ಕಾಲದ ಇಂಗ್ಲೆಂಡಿನ ಅತ್ಯಂತ ಸಿರಿವಂತ ಸ್ತ್ರೀಯರಲ್ಲಿ ಒಬ್ಬಳಾಗಿ, ಇತಿಹಾಸದಲ್ಲಿ ‘ಬೆಸ್ ಆಫ್ ಹಾರ್ಡ್‌ವಿಕ್’ ಎಂದು ಹೆಸರಾದಳು. ಆಕೆ ಬರೆದ ಮತ್ತು ಆಕೆಗೆ ಬಂದ ಪತ್ರಗಳಲ್ಲಿ 230ಕ್ಕೂ ಹೆಚ್ಚು ಇಂದಿಗೂ ಉಳಿದಿವೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದ ವಿದ್ವಾಂಸರು ಅವುಗಳನ್ನು ಒಟ್ಟುಗೂಡಿಸಿ, ಪಾಠವನ್ನು ಲಿಪ್ಯಂತರಿಸಿ, ಯಾರು ಬೇಕಾದರೂ ಓದುವಂತೆ ಅಂತರಜಾಲದಲ್ಲಿ ತೆರೆದಿಟ್ಟಿದ್ದಾರೆ. ಆ ಕಾಲದ ಒಬ್ಬ ಸ್ತ್ರೀಗೆ ಸಂಬಂಧಿಸಿದಂತೆ ಇಷ್ಟು ಪತ್ರಗಳು ಉಳಿದಿರುವುದು ಅಪರೂಪ. ಆದರೆ ಅವು ಓದಿದೊಡನೆ ಅರ್ಥವಾಗುವಂಥವಲ್ಲ. ಒಂದು ಕಾಗದವನ್ನು ಯಾರ ಕೈ ಬರೆಯಿತು, ಯಾರು ಹೊತ್ತು ತಂದರು, ಯಾವ ಹೊತ್ತಿನಲ್ಲಿ ಯಾವ ಆಸ್ತಿಯ ಪ್ರಶ್ನೆ ತಲೆಯ ಮೇಲಿತ್ತು ಎಂಬುದನ್ನು ತಿಳಿಯದೆ ಓದಿದರೆ ಪ್ರೀತಿಯ ಮಾತು ಬರೀ ಪ್ರೀತಿಯ ಮಾತಾಗಿ, ಲೆಕ್ಕದ ಮಾತು ಬರೀ ಲೆಕ್ಕವಾಗಿ ಕಾಣುತ್ತದೆ. ಬೆಸ್‌ಳ ಪತ್ರಗಳಲ್ಲಿ ಇವೆರಡನ್ನೂ ಬೇರ್ಪಡಿಸಲು ಬರುವುದಿಲ್ಲ.

ಇದಕ್ಕೆ ಮುಖ್ಯ ಕಾರಣ ಅಂದಿನ ಕಾನೂನು. ಇಂಗ್ಲೆಂಡಿನ ಸಾಮಾನ್ಯ ಕಾನೂನಿನಲ್ಲಿ ಮದುವೆಯಾದ ಹೆಣ್ಣಿಗೆ ಗಂಡನಿಂದ ಬೇರೆಯಾದ ಅಸ್ತಿತ್ವವೇ ಇರಲಿಲ್ಲ. ಆಕೆಯ ಒಡವೆ, ಹಣ, ಪಾತ್ರೆಪರಡಿ ಗಂಡನದಾಗುತ್ತಿದ್ದವು. ಆಕೆ ತಂದ ಜಮೀನಿನ ಆಡಳಿತ ಮತ್ತು ಉತ್ಪತ್ತಿಯೂ ಮದುವೆ ಇರುವಷ್ಟು ಕಾಲ ಆತನ ಕೈಗೇ ಹೋಗುತ್ತಿದ್ದವು. ವಿಧವೆಯಾದರೆ ಮಾತ್ರ ಆಕೆಗೆ ಸ್ವಂತ ನೆಲೆ ದೊರೆಯುತ್ತಿತ್ತು: ಗಂಡನ ಭೂಮಿಯ ಮೂರನೆಯ ಒಂದು ಭಾಗದ ಮೇಲೆ ಜೀವಮಾನದ ಹಕ್ಕು, ಇಲ್ಲವೆ ಮದುವೆಯ ಕರಾರಿನಲ್ಲಿ ಮೊದಲೇ ಬರೆದುಕೊಟ್ಟ ‘ಜಾಯಿಂಚರ್’ ಎಂಬ ಜೀವನಾಂಶದ ಜಮೀನು. ಇದನ್ನು ಬೆಸ್ ಎಳವೆಯಲ್ಲಿಯೇ ಅರಿತಿದ್ದಳು. ಆಕೆಯ ತಂದೆ ಜಾನ್ ಹಾರ್ಡ್‌ವಿಕ್ ಒಬ್ಬ ಸಣ್ಣ ಜಮೀನ್ದಾರ. ಆಕೆ ಇನ್ನೂ ಮಗುವಾಗಿದ್ದಾಗ ಆತ ತೀರಿಕೊಂಡ. ವಾರಸುದಾರನಾದ ಮಗ ಅಪ್ರಾಪ್ತನಾಗಿದ್ದರಿಂದ ಜಮೀನಿನ ಮೇಲೆ ಅರಸೊತ್ತಿಗೆಯ ಪಾಲಕತ್ವದ ಹಿಡಿತ ಬಿತ್ತು. ಮೊದಲ ಗಂಡ ರಾಬರ್ಟ್ ಬಾರ್ಲೋ ಮದುವೆಯಾಗಿ ಹೆಚ್ಚು ಕಾಲ ಕಳೆಯುವ ಮೊದಲೇ 1544ರಲ್ಲಿ ಸತ್ತಾಗ, ತನಗೆ ಸಲ್ಲಬೇಕಾದ ವಿಧವೆಯ ಪಾಲಿಗಾಗಿ ಆಕೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. 1547ರಲ್ಲಿ ಮದುವೆಯಾದ ಸರ್ ವಿಲಿಯಂ ಕ್ಯಾವೆಂಡಿಷ್ ಎಂಟನೇ ಹೆನ್ರಿಯ ಕಾಲದಲ್ಲಿ ಮಠಗಳ ಆಸ್ತಿ ಮುಟ್ಟುಗೋಲು ಹಾಕಿಸಿದ ಅಧಿಕಾರಿಗಳಲ್ಲಿ ಒಬ್ಬ. 1549ರಲ್ಲಿ 600 ಪೌಂಡಿಗೆ ಚಾಟ್ಸ್‌ವರ್ತ್ ಕೊಂಡವನೂ ಆತನೇ. 1557ರಲ್ಲಿ ಆತ ಸತ್ತಾಗ ಉಳಿದದ್ದು ಆರು ಮಕ್ಕಳು, ಅರಮನೆಯಂಥ ಅರೆಕಟ್ಟಿದ ಮನೆ ಮತ್ತು ಸರ್ಕಾರಕ್ಕೆ ಸಲ್ಲಿಸಬೇಕಾದ 5,000 ಪೌಂಡಿಗೂ ಮೀರಿದ ಬಾಕಿ.

ಆ ಸಂಕಟದಲ್ಲಿ ಬೆಸ್‌ಗೆ ಆಸರೆಯಾದದ್ದು ಕಾಗದವೇ. ಲಾಂಗ್‌ಲೀಟ್‌ನ ಸರ್ ಜಾನ್ ಥಿನ್ನನಿಗೆ 1558ರ ಫೆಬ್ರುವರಿಯಲ್ಲಿ ಬರೆದ ಪತ್ರದಲ್ಲಿ, ಸಂಸತ್ತಿನ ಮುಂದೆ ಬಂದಿರುವ ಮಸೂದೆಯೊಂದು ಅಂಗೀಕಾರವಾದರೆ ತಾನೂ ತನ್ನ ಬಡಮಕ್ಕಳೂ ಹಾಳಾಗುತ್ತೇವೆ ಎಂದು ಹೇಳಿ, ಅದರೊಂದಿಗೇ ಇದು ಇನ್ನೂ ಬಹುಮಂದಿಯನ್ನು ತಟ್ಟುವಂಥದ್ದು ಎಂದು ಸೇರಿಸುತ್ತಾಳೆ. ಕಣ್ಣೀರಿನ ಬೆನ್ನಿಗೇ ಬಂದ ಈ ಎರಡನೆಯ ಮಾತನ್ನು ಗಮನಿಸಬೇಕು. ಬೇರೆಯವರ ಆಸ್ತಿಗೂ ಅಪಾಯವಿದೆಯೆಂದರೆ ಸಂಸತ್ತಿನಲ್ಲಿ ಬೆಂಬಲ ಕೂಡಿಸುವುದು ಸುಲಭವೆಂಬ ಲೆಕ್ಕ ಅದರಲ್ಲಿದೆ. ಎರಡು ವರ್ಷಗಳ ಬಳಿಕ ಅದೇ ಥಿನ್ನನಿಗೆ ಬರೆದ ಇನ್ನೊಂದು ಕಾಗದದಲ್ಲಿ, ಆತನ ಹಜಾರಕ್ಕೆ ಹೂವಿನ ಕೆಲಸ ಮಾಡಿದ ಗಾರೆಯವನನ್ನು ತನ್ನಲ್ಲಿಗೆ ಕಳುಹಿಸಿಕೊಡಬೇಕೆಂದು ಕೇಳಿದ್ದಾಳೆ. ಸಂಸತ್ತಿನ ಸಹಾಯವನ್ನೂ ಗಾರೆಯವನನ್ನೂ ಒಂದೇ ಸ್ನೇಹದಿಂದ, ಒಂದೇ ದಾರಿಯಲ್ಲಿ ಕೇಳಿ ಪಡೆಯುವ ಕಾಲವದು.

ಈ ಕಾಗದಗಳು ಹೇಗೆ ಸಿದ್ಧವಾಗುತ್ತಿದ್ದವು ಎಂಬುದನ್ನು ಇಲ್ಲಿ ತುಸು ನಿಂತು ನೋಡಬೇಕು. ಹಕ್ಕಿಯ ಗರಿಯ ಲೇಖನಿಯಿಂದ, ಕಬ್ಬಿಣದ ಲವಣ ಮತ್ತು ಓಕ್ ಮರದ ಗಂಟುಕಾಯಿಗಳಿಂದ ಮಾಡಿದ ಶಾಯಿಯಲ್ಲಿ ಬರೆದು, ಹಾಳೆಯನ್ನು ಹಲವು ಮಡಿಕೆ ಮಡಿಚಿ, ಅರಗಿನ ಮೇಲೆ ಮುದ್ರೆಯೊತ್ತುತ್ತಿದ್ದರು. ಲಕೋಟೆ ಎಂಬುದು ಇರಲಿಲ್ಲ; ಮಡಿಚಿದ ಹಾಳೆಯ ಹೊರಮೈಯೇ ವಿಳಾಸ ಬರೆಯುವ ಜಾಗ. ಸಿರಿವಂತ ಮನೆಗಳಲ್ಲಿ ಮಡಿಕೆಯ ಮೂಲಕ ಬಣ್ಣದ ರೇಷ್ಮೆದಾರ ಪೋಣಿಸಿ ಅದರ ಮೇಲೆ ಅರಗು ಹಾಕುವ ರೂಢಿಯೂ ಇತ್ತು. ತನಗಿಂತ ಮೇಲಿನವರಿಗೆ ಬರೆಯುವಾಗ ಒಕ್ಕಣೆ ಮುಗಿದ ಮೇಲೆ ಬಹಳಷ್ಟು ಜಾಗ ಖಾಲಿ ಬಿಟ್ಟು, ಹಾಳೆಯ ಬಲಬದಿಯ ತುದಿಯಲ್ಲಿ ಸಹಿ ಹಾಕಬೇಕಾಗಿತ್ತು. ಆ ಖಾಲಿ ಜಾಗವೇ ತಗ್ಗಿ ನಿಂತ ನಮಸ್ಕಾರ. ಹಳೆಯ ಕಾಲದ ಕನ್ನಡ ಕಾಗದಗಳಲ್ಲಿ ‘ಉಭಯ ಕುಶಲೋಪರಿ’ ಎಂದು ಆರಂಭಿಸುವುದನ್ನು ಕಂಡವರಿಗೆ ಇಂಥ ಕಟ್ಟುಪಾಡು ಹೊಸದೆನಿಸಲಾರದು.

ಅಂಚೆಯೆಂದರೆ ಆಗ ಅರಸೊತ್ತಿಗೆಯ ಕೆಲಸಕ್ಕೆ ಮಾತ್ರ. ಉಳಿದವರು ತಮ್ಮ ಸೇವಕರನ್ನೋ, ಲಂಡನ್ನಿಗೆ ಸಾಮಾನು ಸಾಗಿಸುವ ಗಾಡಿಯವರನ್ನೋ, ಆ ದಾರಿಯಾಗಿ ಹೋಗುವ ನೆಂಟರನ್ನೋ ನಂಬಬೇಕಿತ್ತು. ಕಾಗದದಲ್ಲಿ ಬರೆಯಲಾಗದ ಮಾತನ್ನು ತಂದವನು ಬಾಯಿಂದ ಹೇಳುತ್ತಿದ್ದ. ಆದ್ದರಿಂದಲೇ ‘ಉಳಿದದ್ದನ್ನು ಇದನ್ನು ತರುವವನು ಹೇಳುತ್ತಾನೆ’ ಎಂಬರ್ಥದ ಸಾಲು ಅಂದಿನ ಪತ್ರಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಮಗೆ ಉಳಿದಿರುವುದು ಸಂದೇಶದ ಅರ್ಧ ಭಾಗ ಮಾತ್ರ. ಇನ್ನರ್ಧ ಓಲೆಕಾರನ ಬಾಯಲ್ಲೇ ಹೋಯಿತು.

ಬೆಸ್ ಕೆಲವು ಪತ್ರಗಳನ್ನು ಸ್ವಹಸ್ತದಲ್ಲಿ ಬರೆದಿದ್ದಾಳೆ, ಹಲವನ್ನು ಗುಮಾಸ್ತರಿಂದ ಬರೆಸಿ ಸಹಿ ಮಾತ್ರ ಹಾಕಿದ್ದಾಳೆ. ಯಾವುದನ್ನು ಸ್ವತಃ ಬರೆಯಬೇಕು, ಯಾವುದನ್ನು ಬರೆಸಬೇಕು ಎಂಬುದು ಲೆಕ್ಕಾಚಾರದ ಪ್ರಶ್ನೆ. ಸ್ವಂತ ಕೈಬರಹವೆಂದರೆ ಗೌರವ ಮತ್ತು ಆಪ್ತತೆ. ಗುಮಾಸ್ತನ ಅಚ್ಚುಕಟ್ಟಾದ ಅಕ್ಷರವೆಂದರೆ ಅಧಿಕೃತವಾದ, ನಕಲು ತೆಗೆದಿಡಬಹುದಾದ ದಾಖಲೆ. ಕಾಗುಣಿತ ಇನ್ನೂ ಸ್ಥಿರವಾಗಿರಲಿಲ್ಲ. ಶ್ರೂಸ್‌ಬರಿ ಎಂಬ ತನ್ನ ಬಿರುದಿನ ಹೆಸರನ್ನೇ ಆಕೆ ಇಂದಿನ ಕಾಗುಣಿತಕ್ಕೆ ಹೊಂದದ ರೀತಿಯಲ್ಲಿ ಬರೆಯುತ್ತಿದ್ದಳು. ಇದನ್ನು ಅವಿದ್ಯಾವಂತಿಕೆ ಎಂದು ಹಿಂದಿನ ಕೆಲವರು ತಿಳಿದದ್ದು ಅನ್ಯಾಯ, ಏಕೆಂದರೆ ಆಕೆಯ ಅರ್ಲ್ ಗಂಡನ ಬರಹ ಇನ್ನೂ ದುರ್ಗಮ. ಸಂಧಿವಾತದಿಂದ ಬಾಗಿದ ಆತನ ಕೈಯ ಅಕ್ಷರಗಳು ಇಂದಿನ ಪರಿಣತರನ್ನೂ ಕಾಡುತ್ತವೆ.

ಆ ಅರ್ಲ್ ಜಾರ್ಜ್ ಟಾಲ್ಬಟ್, ಶ್ರೂಸ್‌ಬರಿಯ ಆರನೆಯ ಅರ್ಲ್. ಮೂರನೆಯ ಗಂಡ ಸರ್ ವಿಲಿಯಂ ಸೇಂಟ್ ಲೋ ತೀರಿಕೊಂಡ ಮೇಲೆ, 1567ರಲ್ಲಿ ಬೆಸ್ ಈತನನ್ನು ಮದುವೆಯಾದಳು. ಎರಡೂ ಕಡೆಯ ಆಸ್ತಿಯನ್ನು ಬಿಗಿಯಾಗಿ ಹೆಣೆಯಲು 1568ರ ಫೆಬ್ರುವರಿಯಲ್ಲಿ ಜೋಡಿ ಮದುವೆ ನಡೆಯಿತು: ಬೆಸ್‌ಳ ಮಗಳು ಮೇರಿಗೆ ಅರ್ಲ್‌ನ ಮಗ ಗಿಲ್ಬರ್ಟ್, ಬೆಸ್‌ಳ ಮಗ ಹೆನ್ರಿಗೆ ಅರ್ಲ್‌ನ ಮಗಳು ಗ್ರೇಸ್. ಗ್ರೇಸ್‌ಗೆ ಆಗ ಸುಮಾರು ಎಂಟು ವರ್ಷ. ಆರಂಭದ ದಿನಗಳಲ್ಲಿ ಅರ್ಲ್ ಬರೆದ ಕಾಗದಗಳಲ್ಲಿ ಒಲವು ತುಂಬಿ ತುಳುಕುತ್ತದೆ. ಲೋಕದಲ್ಲಿ ತನಗೆ ದೊರೆತ ಸಂತೋಷಗಳಲ್ಲೆಲ್ಲ ನಿನಗಾಗಿಯೇ ದೇವರಿಗೆ ಹೆಚ್ಚಿನ ಕೃತಜ್ಞತೆ ಹೇಳುತ್ತೇನೆ ಎಂದು ಆತ ಬರೆದಿದ್ದಾನೆ.

1568ರ ಡಿಸೆಂಬರಿನಲ್ಲಿ ಹ್ಯಾಂಪ್ಟನ್ ಕೋರ್ಟ್ ಅರಮನೆಯಿಂದ ಬರೆದ ಕಾಗದ ಇಂಥದ್ದೇ. ಬೆಸ್ ಕಳುಹಿಸಿದ ಪುಡಿಂಗ್ ಮತ್ತು ಜಿಂಕೆಮಾಂಸ ತಲುಪಿದ ಸಂಗತಿ ಅದರಲ್ಲಿದೆ. ಆ ಕಾಲದ ಪುಡಿಂಗ್ ಎಂದರೆ ಬಹುಮಟ್ಟಿಗೆ ಕರುಳಿನಲ್ಲಿ ತುಂಬಿ ಬೇಯಿಸಿದ ಮಾಂಸದ ತಿನಿಸು, ಇಂದಿನ ಸಿಹಿಯಲ್ಲ. ಅದರಲ್ಲಿ ಒಂದು ಡಜನ್ ಲೇಡಿ ಕೋಬಮ್‌ಗೆ ಕೊಟ್ಟೆ, ಅಷ್ಟನ್ನೇ ಲಾರ್ಡ್ ಸ್ಟುವರ್ಡ್‌ಗೂ ಲೆಸ್ಟರ್‌ನ ಅರ್ಲ್‌ಗೂ ಕೊಟ್ಟೆ, ಉಳಿದದ್ದನ್ನು ನನ್ನ ಕೋಣೆಯಲ್ಲಿ ತಿನ್ನಲು ಇಟ್ಟುಕೊಂಡಿದ್ದೇನೆ ಎನ್ನುತ್ತಾನೆ. ಓದಲು ಇದು ಸಂಸಾರದ ಸರಸದ ಮಾತು. ಆದರೆ ಲೇಡಿ ಕೋಬಮ್ ರಾಣಿಯ ಅಂತಃಪುರದವಳು, ಲೆಸ್ಟರ್ ರಾಣಿಯ ಅಚ್ಚುಮೆಚ್ಚಿನವನು. ಡರ್ಬಿಶೈರಿನ ಅಡುಗೆಮನೆಯಿಂದ ಹೊರಟ ತಿನಿಸು ಆಸ್ಥಾನದಲ್ಲಿ ಯಾರ ಯಾರ ತಟ್ಟೆಗೆ ಬಿತ್ತು ಎಂಬ ಈ ಪಟ್ಟಿ ಮಡದಿಗೆ ಒಪ್ಪಿಸಿದ ರಾಜಕೀಯದ ವರದಿ. ಆ ದಿನಗಳ ಕಾಗದಗಳಲ್ಲೇ ರಾಣಿ ತನ್ನನ್ನು ಹೆಚ್ಚಿನವರಿಗಿಂತ ನಂಬುತ್ತಾಳೆಂಬ ಸುಳಿವೂ, ಇಂಗ್ಲೆಂಡಿನಲ್ಲಿ ಸೆರೆಯಲ್ಲಿದ್ದ ಸ್ಕಾಟ್ಲೆಂಡಿನ ರಾಣಿ ಮೇರಿಯನ್ನು ಟಟ್‌ಬರಿ ಕೋಟೆಯಲ್ಲಿ ತನ್ನ ಕಾವಲಿಗೆ ಒಪ್ಪಿಸುವುದು ಖಚಿತವೆಂಬ ಸುದ್ದಿಯೂ ಇವೆ.

ಆ ಕಾವಲು ಹದಿನೈದು ವರ್ಷ ನಡೆಯಿತು. ಸೆರೆಯಾಳಾದ ರಾಣಿ, ಆಕೆಯ ಪರಿವಾರ, ಪಹರೆಯವರು ಎಲ್ಲರ ಊಟ, ಉರುವಲು, ಬಟ್ಟೆಬರೆಗೆ ವಾರಕ್ಕೆ 52 ಪೌಂಡ್ ಕೊಡುವುದೆಂದು ಸರ್ಕಾರ ಒಪ್ಪಿ, ಮುಂದೆ ಅದನ್ನು 30ಕ್ಕೆ ಇಳಿಸಿತು. ಉಳಿದ ಖರ್ಚು ಅರ್ಲ್‌ನ ಮೈಮೇಲೆ ಬಿತ್ತು. ಅರ್ಲ್‌ಗೆ ಹಣದ ಚಿಂತೆ ಅಂಟಿಕೊಂಡದ್ದರಲ್ಲಿ, ಮುಂದೆ ಮನೆ ಒಡೆದದ್ದರಲ್ಲಿ ಈ ಕಾವಲಿನ ಪಾಲು ದೊಡ್ಡದು ಎಂಬುದು ನನ್ನ ಅಭಿಪ್ರಾಯ.

ಮನೆಯ ಮಕ್ಕಳ ಸುದ್ದಿ ಹೊತ್ತು ಬಂದ ಕಾಗದಗಳೂ ಈ ಸಂಗ್ರಹದಲ್ಲಿವೆ. ಅಳಿಯನೂ ಮಲಮಗನೂ ಆದ ಗಿಲ್ಬರ್ಟ್ ತನ್ನ ಪುಟ್ಟ ಮಗ ಜಾರ್ಜ್‌ನ ಬಗ್ಗೆ ಅತ್ತೆಗೆ ಬರೆಯುತ್ತಾನೆ: ಹುಡುಗ ದಿನವೂ ‘ಲೇಡಿ ಅಜ್ಜಿ’ಯ ಹೆಸರು ಹೇಳಿ ಕುಡಿಯುತ್ತಾನೆ, ಕೈಯಲ್ಲಿ ತಿನಿಸಿದ್ದಾಗ ಅಜ್ಜಿ ಬಂದರು, ನೋಡಿಬಿಡುತ್ತಾರೆ ಎಂದರೆ ತಟ್ಟನೆ ಬಚ್ಚಿಡುತ್ತಾನೆ, ಇಲ್ಲವೆ ಗಬಕ್ಕನೆ ನುಂಗಿ, ‘ಲೇಡಿ ಡ್ಯಾನ್‌ಮೋಡ್’ ಎಲ್ಲಿ ಎಂದು ಕೇಳುತ್ತಾನೆ. ‘ಗ್ರ್ಯಾಂಡ್‌ಮದರ್’ ಎನ್ನಲು ನಾಲಿಗೆ ತಿರುಗದ ಮಗುವಿನ ಉಚ್ಚಾರ ನಾಲ್ಕೂವರೆ ಶತಮಾನ ದಾಟಿ ಹಾಗೆಯೇ ಉಳಿದಿದೆ. 1577ರ ಆಗಸ್ಟಿನಲ್ಲಿ ಆ ಮಗು ಸತ್ತಿತು. ಹೆಂಡತಿ ದುಃಖವನ್ನು ತಡೆದುಕೊಳ್ಳಲಾರದೆ ಇದ್ದಾಳೆಂದು ಅರ್ಲ್ ಆಸ್ಥಾನಕ್ಕೆ ಬರೆದ.

1580ರ ದಶಕದಲ್ಲಿ ದಂಪತಿಗಳು ಬೇರೆಯಾದರು. ಜಗಳದ ಬುಡದಲ್ಲಿದ್ದದ್ದು 1572ರ ಒಂದು ದಾನಪತ್ರ. ಬೆಸ್ ಮದುವೆಯಲ್ಲಿ ತಂದ ಜಮೀನುಗಳನ್ನು, ಆಕೆಗೆ ತಾನು ಕೊಡಬೇಕಾಗಿದ್ದ ಹಣದ ಬಾಧ್ಯತೆಯಿಂದ ಬಿಡುಗಡೆ ಪಡೆಯುವುದಕ್ಕಾಗಿ, ಅರ್ಲ್ ಆಕೆಯ ಮಕ್ಕಳಾದ ವಿಲಿಯಂ ಮತ್ತು ಚಾರ್ಲ್ಸ್ ಕ್ಯಾವೆಂಡಿಷ್ ಹೆಸರಿಗೆ ಬರೆದುಕೊಟ್ಟಿದ್ದ. ವರ್ಷಗಳು ಕಳೆದು ಆ ಜಮೀನುಗಳ ಬೆಲೆ ಆತನ ಕಣ್ಣಿಗೆ ಬಿದ್ದಾಗ ಒಕ್ಕಲುಗಳ ಗೇಣಿಯನ್ನು ಯಾರು ವಸೂಲಿ ಮಾಡಬೇಕೆಂಬ ಪ್ರಶ್ನೆ ಎದ್ದಿತು. ರಾಣಿಯೇ ಪಂಚಾಯಿತಿಗೆ ಕೂರಬೇಕಾಯಿತು. 1584ರ ಆಗಸ್ಟ್ 26ರ ಕಾಗದದಲ್ಲಿ ಬೆಸ್ ತನ್ನ ಹೃದಯ ನಿರ್ದೋಷಿಯೆಂದೂ, ಬಹುಕಾಲದಿಂದ ತಡೆಹಿಡಿದಿರುವ ಆತನ ಕೃಪೆಯನ್ನು ಪಡೆಯಲು ಯಾವ ದಾರಿಯನ್ನೂ ಬಿಡುವುದಿಲ್ಲವೆಂದೂ ಬೇಡಿಕೊಳ್ಳುತ್ತಾಳೆ. ಇದನ್ನು ಅಂತರಂಗದ ಅಳಲು ಎಂದಷ್ಟೇ ಓದಲಾಗದು. ಇಂಥ ಪತ್ರ ಆಸ್ಥಾನದವರ ಕಣ್ಣಿಗೂ ಬೀಳುತ್ತದೆ ಎಂಬುದು ಆಕೆಗೆ ತಿಳಿದಿತ್ತು. ಗಂಡನೊಂದಿಗೆ ಬಾಳಲು ಸಿದ್ಧಳಿರುವ ವಿನೀತ ಪತ್ನಿ ಎಂಬ ಚಿತ್ರವೇ ಆಕೆಯ ವ್ಯಾಜ್ಯದ ಬಲ. ಅರ್ಲ್ 1586ರ ಆಗಸ್ಟಿನಲ್ಲಿ ಕೊಟ್ಟ ಏಟು ಹೆಚ್ಚು ನೇರ: ಸೇಂಟ್ ಲೋನ ವಿಧವೆಯಾಗಿ ನೀನು ಲೋಕದ ಬಾಯಿಗೆ ಬಿದ್ದಿದ್ದಾಗ ನಾನು ಕೈಹಿಡಿದು ಆ ಕಳಂಕವನ್ನು ಮುಚ್ಚಿದೆ, ನಿನಗೀಗ ಇರುವ ಮಾನವೆಲ್ಲ ನನ್ನಿಂದ ಬಂದದ್ದು. ಆತ ಬೆಳ್ಳಿಪಾತ್ರೆ, ಹಾಸಿಗೆ, ಗೋಡೆಯ ತೂಗುಚಿತ್ರಗಳನ್ನು ಪಟ್ಟಿಮಾಡಿ ಹಿಂದಕ್ಕೆ ಕೇಳಿದಾಗ ಬೆಸ್‌ಳ ಕಡೆಯಿಂದ ಹೋದ ಉತ್ತರವೂ ಚುರುಕಾಗಿದೆ. ಇವೆಲ್ಲ ಅಲ್ಪ ಬೆಲೆಯ ವಸ್ತುಗಳು, ಅಷ್ಟು ದೊಡ್ಡ ಸಿರಿವಂತ ಅರ್ಲ್ ಹತ್ತೊಂಬತ್ತು ವರ್ಷಗಳಲ್ಲಿ ಹೆಂಡತಿಗೆ ಕೊಟ್ಟದ್ದೆಂದರೆ ತೀರ ಕ್ಷುಲ್ಲಕ ಎಂಬುದು ಅದರ ತಾತ್ಪರ್ಯ.

ಬೆಸ್ ಬಾಯಿಬಡುಕಿ, ಹಣದಾಹಿ ಎಂಬ ಪ್ರತೀತಿ ಬಹುಕಾಲ ನಿಂತದ್ದಕ್ಕೆ ಈ ಜಗಳದ ಕಾಗದಗಳು ಹೇರಳವಾಗಿ ಉಳಿದದ್ದೂ ಒಂದು ಕಾರಣ. ಪತ್ರವೊಂದು ಉಳಿಯುವುದು ಅದನ್ನು ಪಡೆದವರ ಪೆಟ್ಟಿಗೆಯಲ್ಲಿ. ಮಂತ್ರಿ ಬರ್ಲಿಗೆ ಹೋದ ಕಾಗದಗಳು ಹ್ಯಾಟ್‌ಫೀಲ್ಡ್ ಹೌಸ್‌ನಲ್ಲಿ, ಸರ್ಕಾರಿ ದಫ್ತರಗಳಲ್ಲಿ ಭದ್ರವಾಗಿವೆ. ಟಾಲ್ಬಟ್ ಮನೆತನದ ಕಾಗದಗಳಲ್ಲಿ ಹಲವು ಲಂಡನ್ನಿನ ಲ್ಯಾಂಬೆತ್ ಅರಮನೆಯ ಗ್ರಂಥಾಲಯ ಸೇರಿವೆ. ಬೆಸ್ ಕಾಪಿಟ್ಟುಕೊಂಡಿದ್ದ ಕುಟುಂಬದ ಕಾಗದಗಳ ಒಂದು ದೊಡ್ಡ ಕಟ್ಟು ಕೈಬದಲಾಗುತ್ತ ಅಮೆರಿಕದ ವಾಷಿಂಗ್ಟನ್ನಿನ ಫೋಲ್ಗರ್ ಗ್ರಂಥಾಲಯ ತಲುಪಿದೆ. ಪಾರುಪತ್ಯಗಾರರಿಗೆ ದಿನನಿತ್ಯ ಹೋಗುತ್ತಿದ್ದಿರಬಹುದಾದ ಆಜ್ಞೆಗಳಲ್ಲಿ ನಮಗೆ ದಕ್ಕಿರುವುದು ವಿಟ್‌ಫೀಲ್ಡ್‌ನಿಗೆ ಬರೆದಂಥ ಬೆರಳೆಣಿಕೆಯ ಕಾಗದಗಳು. ಹೀಗಾಗಿ ಆಕೆ ಬೇಡುವುದೂ ವಾದಿಸುವುದೂ ನಮಗೆ ಹೆಚ್ಚಾಗಿ ಕೇಳಿಸುತ್ತದೆ, ಮನೆ ನಡೆಸುವುದು ಕಡಿಮೆ. ಬಿಷಪ್ ಓವರ್‌ಟನ್ 1590ರಲ್ಲಿ ಅರ್ಲ್‌ಗೆ ಬರೆದ ಮಾತು ಇಲ್ಲಿ ನೆನಪಾಗುತ್ತದೆ: ಕೌಂಟೆಸ್ ಚೂಪು ನಾಲಿಗೆಯ ಗಯ್ಯಾಳಿ ಎಂದು ಕೆಲವರು ಹೇಳಬಹುದು, ಆದರೆ ಹೆಂಡತಿಯನ್ನು ಬಿಡಲು ಅದೇ ಸಾಕಷ್ಟು ಕಾರಣವಾದರೆ ಇಂಗ್ಲೆಂಡಿನಲ್ಲಿ ಹೆಂಡತಿಯನ್ನು ಬಹುಕಾಲ ಇಟ್ಟುಕೊಳ್ಳುವ ಗಂಡಸರು ಕೆಲವರೇ. ಅದೇ ವರ್ಷದ ನವೆಂಬರಿನಲ್ಲಿ ಅರ್ಲ್ ತೀರಿಕೊಂಡ. ವಿಧವೆಯ ಪಾಲಿನ ಬಲದಿಂದ ಬೆಸ್ ಹಾರ್ಡ್‌ವಿಕ್‌ನಲ್ಲಿ ಕಟ್ಟಿಸಿ 1597ರಲ್ಲಿ ಕಾಲಿಟ್ಟ ಹೊಸ ಮಹಲಿನ ಗೋಪುರಗಳ ತುದಿಯಲ್ಲಿ ಆಕೆಯ ಹೆಸರಿನ ಮೊದಲಕ್ಷರಗಳು ಕಲ್ಲಿನಲ್ಲಿ ನಿಂತಿವೆ.

ಆಕೆಯ ಪತ್ರವ್ಯವಹಾರದ ಕೊನೆಯ ದೊಡ್ಡ ಅಧ್ಯಾಯ ಮೊಮ್ಮಗಳು ಅರ್ಬೆಲಾ ಸ್ಟುವರ್ಟ್. 1574ರಲ್ಲಿ ಬೆಸ್ ತನ್ನ ಮಗಳು ಎಲಿಜಬೆತ್‌ಳನ್ನು ರಾಜವಂಶದ ಚಾರ್ಲ್ಸ್ ಸ್ಟುವರ್ಟ್‌ನಿಗೆ ಕೊಟ್ಟು ಮದುವೆ ಮಾಡಿದ್ದರಿಂದ, ಮರುವರ್ಷ ಹುಟ್ಟಿದ ಈ ಹುಡುಗಿ ಇಂಗ್ಲೆಂಡಿನ ಸಿಂಹಾಸನಕ್ಕೆ ಹಕ್ಕುದಾರಳಾದಳು. ಹುಡುಗಿ ಏಳು ತುಂಬುವ ಮೊದಲೇ ತಬ್ಬಲಿಯಾದಾಗ ಬೆಸ್ 1582ರ ಮೇ ತಿಂಗಳಲ್ಲಿ ಬರ್ಲಿಗೆ ಬರೆದು, ತಾಯಿಗೆ ಬರುತ್ತಿದ್ದ ವರ್ಷಕ್ಕೆ 400 ಪೌಂಡನ್ನೂ ಮಗಳಿಗೆ ಬರುತ್ತಿದ್ದ 200ಕ್ಕೆ ಸೇರಿಸಿ ಕೊಡಬೇಕೆಂದು ಕೇಳಿದಳು. ಮಗು ಕಲಿಯುವುದರಲ್ಲಿ ಚುರುಕು, ಸೇವಕರಿಗೂ ಉಪಾಧ್ಯಾಯರಿಗೂ ಖರ್ಚಿದೆ ಎಂಬ ಕಾರಣಗಳನ್ನೂ ಮುಂದಿಟ್ಟಳು. ಅಜ್ಜಿಯ ಹೆಮ್ಮೆ ಅಲ್ಲಿ ಬೇಡಿಕೆಗೆ ಒದಗಿದ ಸಾಕ್ಷ್ಯವೂ ಹೌದು.

ಹನ್ನೆರಡರ ಅರ್ಬೆಲಾ ಅಜ್ಜಿಗೆ ಬರೆದ ಒಂದು ಪುಟ್ಟ ಕಾಗದ ಉಳಿದಿದೆ. ಅದರ ಮೇಲಿರುವ ತಾರೀಖು 1587ರ ಫೆಬ್ರುವರಿ 8, ಆದರೆ ನಮ್ಮ ಲೆಕ್ಕದಲ್ಲಿ ಅದು 1588. ಇಂಗ್ಲೆಂಡಿನಲ್ಲಿ ಆಗ ಹೊಸ ವರ್ಷದ ಎಣಿಕೆ ಮಾರ್ಚ್ 25ರಿಂದ ಆರಂಭವಾಗುತ್ತಿತ್ತು. ಯುಗಾದಿಗೆ ಸಂವತ್ಸರ ಬದಲಾಗುವುದನ್ನು ಬಲ್ಲವರಿಗೆ ಇದು ಒಗಟಲ್ಲ, ಆದರೆ ಈ ಸೂಕ್ಷ್ಮ ಮರೆತರೆ ಜನವರಿಯಿಂದ ಮಾರ್ಚ್‌ವರೆಗಿನ ಕಾಗದಗಳೆಲ್ಲ ಒಂದು ವರ್ಷ ಹಿಂದಕ್ಕೆ ಜಾರುತ್ತವೆ. ಕಳೆದ ಶನಿವಾರ, ಚಂದ್ರನ ಆರನೆಯ ದಿನ ಕತ್ತರಿಸಿದ ನನ್ನ ಕೂದಲಿನ ತುದಿಗಳನ್ನು ಕಳುಹಿಸಿದ್ದೇನೆ, ಜೊತೆಗೆ ನನ್ನ ಸೇವಕ ಮಾಡಿದ ಒಂದು ಕುಡಿಕೆ ಜೆಲ್ಲಿ ಇದೆ, ನಿಮಗೆ ಹಿಡಿಸಲಿ ಎಂದು ಹುಡುಗಿ ಬರೆಯುತ್ತಾಳೆ.

ಹದಿನೈದು ವರ್ಷಗಳ ಬಳಿಕ ಅದೇ ಹುಡುಗಿ ಅಜ್ಜಿಯ ಮನೆಯಿಂದ ಬಿಡಿಸಿಕೊಳ್ಳಲು ಗುಟ್ಟಾಗಿ ತನ್ನ ಮದುವೆಯ ಪ್ರಸ್ತಾಪವನ್ನು ತಾನೇ ಕಳುಹಿಸಿ ಸಿಕ್ಕಿಬಿದ್ದಳು. 1603ರ ಜನವರಿಯಿಂದ ಮಾರ್ಚ್‌ವರೆಗೆ ಹಾರ್ಡ್‌ವಿಕ್‌ನಿಂದ ಆಸ್ಥಾನಕ್ಕೆ ಅಜ್ಜಿಯ ಕಾಗದಗಳೂ ಮೊಮ್ಮಗಳ ಕಾಗದಗಳೂ ಒಂದರ ಹಿಂದೊಂದು ಹೋದವು. ದಯವಿಟ್ಟು ಈಕೆಯನ್ನು ಬೇರೆಲ್ಲಾದರೂ ಇರಿಸಿ ಎಂದು ಬೆಸ್ ರಾಣಿಯನ್ನು ಬೇಡಿಕೊಂಡಳು. ಮಾರ್ಚ್ 20ರಂದು ಮರಣಶಾಸನಕ್ಕೆ ತಿದ್ದುಪಡಿ ಬರೆಸಿ, ಅರ್ಬೆಲಾಳಿಗೂ ಆಕೆಗೆ ನೆರವಾದ ತನ್ನ ಮಗ ಹೆನ್ರಿಗೂ ಏನೂ ಸಿಗದಂತೆ ಮಾಡಿದಳು.

1605ರಲ್ಲಿ ಅರ್ಬೆಲಾ ಹೊಸ ದೊರೆ ಜೇಮ್ಸ್‌ನ ಶಿಫಾರಸು ಪತ್ರ ಹಿಡಿದು ಹಾರ್ಡ್‌ವಿಕ್‌ಗೆ ಬಂದಳು. ಆ ಸಂದರ್ಭದಲ್ಲಿ ಬೆಸ್ ಆಸ್ಥಾನದ ಧರ್ಮಗುರು ಡಾಕ್ಟರ್ ಮಾಂಟೆಗ್ಯೂಗೆ ಒಂದು ಪತ್ರ ಬರೆದಳು. ನನ್ನಿಂದ ದೂರ ಹೋಗಲು ಅಷ್ಟೊಂದು ಹಂಬಲಿಸಿದವಳು ಈಗ ಇಲ್ಲಿಗೆ ಬರಲು ಶಿಫಾರಸು ತಂದದ್ದು ನನಗೆ ವಿಚಿತ್ರವಾಗಿ ಕಂಡಿತು ಎಂದು ಆರಂಭಿಸಿ, ಆಕೆಯ ಮೇಲೆ ತನಗಿರುವ ಅಕ್ಕರೆಯನ್ನು ಈಗಾಗಲೇ ಸಾಕಷ್ಟು ತೋರಿಸಿದ್ದೇನೆಂದು ಹೇಳುತ್ತಾಳೆ. ಆ ಅಕ್ಕರೆಯ ಅಳತೆಯನ್ನೂ ಮುಂದಿನ ಮಾತಿನಲ್ಲೇ ಕೊಡುತ್ತಾಳೆ: ವರ್ಷಕ್ಕೆ 700 ಪೌಂಡ್ ಹುಟ್ಟುವಳಿಯ ಜಮೀನನ್ನು ಆಕೆಯ ಹೆಸರಿಗೆ ಕೊಂಡುಕೊಟ್ಟಿದ್ದೇನೆ, ಇನ್ನೂ 100 ಪೌಂಡ್ ಹುಟ್ಟುವಳಿಯ ಜಮೀನು ಕೊಳ್ಳಲು ಸಾಕಾಗುವಷ್ಟು ಹಣವನ್ನೂ ಕೊಟ್ಟಿದ್ದೇನೆ.